ಸಾಯಬಣ್ಣನ ಪೈಪು, ಸಾಯಬಣ್ಣನ ಹೂಂ

ವಾಡಿ ಜಂಕ್ಷನ್ನಿನ ಪಾರ್ಸೆಲ್ ಗುಮಾಸ್ತ ಸಾಯಬಣ್ಣನಿಗೆ ಪೈಪಿನ ಹುಚ್ಚು ಹಿಡಿದದ್ದು ಒಬ್ಬ ಇಂಗ್ಲಿಷ್ ದೊರೆಯ ಮೌನದಿಂದ.

ಅದು ನಿಜಾಮರ ಕಾಲ. ಮುಂಬಯಿ ಕಡೆಯಿಂದ ಬಂದವರು ಹೈದರಾಬಾದಿನ ರೈಲು ಹತ್ತಬೇಕಾದರೆ ವಾಡಿಯಲ್ಲಿ ಇಳಿದು ಕಾಯಲೇಬೇಕಾಗಿತ್ತು. ಹಾಗೆ ಕಾಯುತ್ತಿದ್ದ ದೊರೆಯೊಬ್ಬ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕುಳಿತು ಪೈಪು ಸೇದುತ್ತಿದ್ದ. ಅವನ ಟ್ರಂಕು ಯಾವುದೋ ಬೇರೆ ರೈಲು ಹತ್ತಿ ರಾಯಚೂರಿನ ಕಡೆ ಹೋಗಿಬಿಟ್ಟಿತ್ತು. ಸ್ಟೇಷನ್ ಮಾಸ್ತರರು ಬಂದು ಹಮಾಲನನ್ನು ಬೈದರು. ಹಮಾಲ ಗಾರ್ಡನನ್ನು ದೂರಿದ. ದೊರೆ ಯಾರ ಮುಖವನ್ನೂ ನೋಡಲಿಲ್ಲ. ಒಮ್ಮೆ ಹೊಗೆ ಬಿಟ್ಟು "ಹ್ಮ್" ಎಂದ. ಆ ಒಂದು ಶಬ್ದಕ್ಕೆ ಮಾಸ್ತರರು ತಂತಿಯ ಕೋಣೆಗೆ ಓಡಿದರು, ಹಮಾಲ ನೀರು ತರಲು ಓಡಿದ, ಟ್ರಂಕು ಸಂಜೆಯೊಳಗೆ ವಾಪಸು ಬಂತು.

ಸಾಯಬಣ್ಣ ಇದನ್ನು ಪಾರ್ಸೆಲ್ ಆಫೀಸಿನ ಕಿಟಕಿಯಿಂದ ನೋಡಿದ. ನೋಡಿ ನಿಟ್ಟುಸಿರು ಬಿಟ್ಟ. ಇಡೀ ವಾಡಿಯಲ್ಲಿ ಅವನಷ್ಟು ಮಾತಾಡುವವರು ಯಾರೂ ಇರಲಿಲ್ಲ, ಅವನ ಮಾತಿಗಿದ್ದಷ್ಟು ಕಡಿಮೆ ಬೆಲೆ ಬೇರೆ ಯಾರ ಮಾತಿಗೂ ಇರಲಿಲ್ಲ. ಪೆಟ್ಟಿಗೆ ಯಾಕೆ ತಡವಾಯಿತೆಂದು ಯಾರಾದರೂ ಕೇಳಿದರೆ ಅವನು ಕಲ್ಲಿದ್ದಲಿನಿಂದ ಶುರುಮಾಡುತ್ತಿದ್ದ. ಅವನು ಎಂಜಿನ್ನಿನ ತನಕ ಬರುವಷ್ಟರಲ್ಲಿ ಕೇಳಿದವರು ಪೆಟ್ಟಿಗೆ ಹೊತ್ತು ಮನೆ ಮುಟ್ಟಿರುತ್ತಿದ್ದರು. ಮನೆಯಲ್ಲಿ ಹೆಂಡತಿ ಶಿವಕಾಂತಮ್ಮ ಅವನ ಒಂದು ಮಾತಿನ ನಡುವೆ ಜೋಳ ಬೀಸಿ ಮುಗಿಸಿ, "ಆಯ್ತೇನ್ರಿ?" ಎಂದು ಕೇಳುತ್ತಿದ್ದಳು.

ಎಲ್ಲದಕ್ಕೂ ಕಾರಣ ಪೈಪು ಇಲ್ಲದಿರುವುದೇ ಎಂದು ಸಾಯಬಣ್ಣ ತೀರ್ಮಾನಿಸಿದ.

ವಿಲಾಯತಿ ಪೈಪು ಅವನಂಥವನ ಕೈಗೆ ಸಿಗುವ ವಸ್ತುವಲ್ಲ. ಆದರೆ ಚಿಂಚೋಳಿಯಲ್ಲಿ ಮೌಲಾಲಿ ಎಂಬ ಖರಾದಿ ಇದ್ದಾನೆ, ಮರ ಕಡೆಯುವುದರಲ್ಲಿ ಅವನ ಸಮ ಯಾರೂ ಇಲ್ಲ ಎಂದು ಯಾರೋ ಹೇಳಿದರು. ಸಾಯಬಣ್ಣ ಸೇಡಂವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಧೂಳು ತಿನ್ನುತ್ತ ಮೋಟಾರಿನಲ್ಲಿ ಚಿಂಚೋಳಿ ತಲುಪಿದ. ಮೌಲಾಲಿ ತೊಟ್ಟಿಲ ಕಾಲು, ಮಂಚದ ಕಾಲು, ಹುಕ್ಕಾದ ನಳಿಗೆ ಕಡೆಯುವವನು. ತನ್ನ ಸಮ ಯಾರೂ ಇಲ್ಲವೆಂಬ ಸುದ್ದಿಯನ್ನು ಊರೂರಿಗೆ ಹಬ್ಬಿಸಿದವನೂ ಅವನೇ ಎಂಬುದು ಐದು ನಿಮಿಷದಲ್ಲಿ ಗೊತ್ತಾಯಿತು.

"ಸಾಹೇಬರ ಪೈಪು ಅಂದ್ರ ಅದೇನು ದೊಡ್ಡ ಚೀಜ್ ಏನ್ರಿ?" ಎಂದ ಮೌಲಾಲಿ. "ನಮ್ಮಜ್ಜ ನವಾಬರ ಹುಕ್ಕಾಕ್ಕ ನಳಗಿ ಕಡದಾನ. ನವಾಬರು ಅದರಾಗ ಸೇದಕೋತ ಕುಂತು ದರ್ಬಾರಕ್ಕ ಹೋಗೋದೇ ಮರತಬಿಟ್ರು."

"ನಂಗ ಅಷ್ಟು ಬ್ಯಾಡ್ರಿ ಮೌಲಾಲಿಸಾಬ. ಸಣ್ಣದು, ಹಿಂಗ ಮುಷ್ಟ್ಯಾಗ ಹಿಡಿಯೂವಂಥದು ಸಾಕು."

"ಸಣ್ಣದು ಮಾಡಿದ್ರ ನನ್ನ ಹೆಸರು ಸಣ್ಣದಾಗ್ತದ."

ಸಾಯಬಣ್ಣ ಕಡ್ಡಿ ತೆಗೆದುಕೊಂಡು ನೆಲದ ಮೇಲೆ ಪೈಪಿನ ಚಿತ್ರ ಬರೆದ. ಮೌಲಾಲಿ ಅದನ್ನು ಸುತ್ತ ತಿರುಗಿ ನೋಡಿ, "ಇದು ಸೌಟು" ಎಂದ. ಸಾಯಬಣ್ಣ ತಿದ್ದಿದ. "ಈಗ ಬಾತುಕೋಳಿ ಆಯ್ತು" ಎಂದ ಮೌಲಾಲಿ. ಕೊನೆಗೆ ಸಾಯಬಣ್ಣ ಹೆಬ್ಬೆರಳು ಬಾಯಿಗಿಟ್ಟು ಕಿರುಬೆರಳು ಮೇಲೆತ್ತಿ, ಕೆನ್ನೆ ಒಳಗೆಳೆದು ಸೇದಿ ತೋರಿಸಬೇಕಾಯಿತು. ಲಟ್ಟಣಿಗೆ ಕೊಳ್ಳಲು ಬಂದಿದ್ದ ಮೂವರು ಹೆಂಗಸರು ಇದನ್ನು ಕಂಡು ಸೆರಗು ಬಾಯಿಗೆ ಒತ್ತಿಕೊಂಡು ಹೋದರು.

ಮುಂದಿನ ಸಲ ಹೋದಾಗ ಪೈಪು ಸಿದ್ಧವಾಗಿತ್ತು. ಸುತ್ತಲೂ ಕಮಲದ ಎಸಳು, ತುದಿಗೆ ಒಂದು ಗಿಳಿ, ಮೈತುಂಬ ಕೆಂಪು ಹಸಿರು ಅರಗಿನ ಬಣ್ಣ. ಸಾಯಬಣ್ಣನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಇದು ತೊಟ್ಟಿಲಕ್ಕ ಭಾಳ ಚಂದ ಕಾಣ್ತದ್ರಿ" ಎಂದ ಮೆಲ್ಲಗೆ.

ಮೌಲಾಲಿ ಉಳಿಯನ್ನು ಮೂಲೆಗೆ ಎಸೆದ. ತನ್ನ ಕಸಬಿನಲ್ಲಿ ಇಂಥ ಅವಮಾನ ಕಂಡಿಲ್ಲ ಎಂದ. ಚಹಾ ತರಿಸಿದ, ಕುಡಿದ, ಇನ್ನೊಮ್ಮೆ ಅದನ್ನೇ ಹೇಳಿದ. ಆಮೇಲೆ ಹಠಕ್ಕೆ ಬಿದ್ದು ಜಾಲಿ ಬೇರಿನ ಹಳೆಯ ಗಂಟೊಂದನ್ನು ಅಟ್ಟದಿಂದ ಕೆಳಗಿಳಿಸಿದ. "ಇದು ನನ್ನ ಮಗಳ ಮಂಚಕ್ಕಂತ ಇಟ್ಟದ್ದು. ನೋಡ್ರಿ ಈಗ" ಎಂದ.

ಮೂರನೆಯ ಸಲ ಕೈಗೆ ಬಂದ ಪೈಪನ್ನು ನೋಡಿ ಸಾಯಬಣ್ಣನಿಗೆ ಮಾತೇ ಹೊರಡಲಿಲ್ಲ. ಅವನ ಮಟ್ಟಿಗೆ ಇದು ದೊಡ್ಡ ಘಟನೆ. ಜಾಲಿ ಬೇರಿನ ಕಗ್ಗೆಂಪು ಮೈಯೊಳಗೆ ಕಪ್ಪು ಗೆರೆಗಳು ಕಾಗಿಣಾ ಹೊಳೆಯ ಸುಳಿಯ ಹಾಗೆ ತಿರುಗಿದ್ದವು. ಬಾಯಿಗಿಡುವ ತುದಿ ಎಮ್ಮೆಯ ಕೋಡಿನದು, ಉಜ್ಜಿ ಉಜ್ಜಿ ಗಾಜಿನಂತೆ ಹೊಳೆಯುತ್ತಿತ್ತು. ಮರ ಮತ್ತು ಕೋಡು ಕೂಡುವಲ್ಲಿ ಅರಗಿನ ಒಂದೇ ಒಂದು ಕೆಂಪು ಬಳೆ. ಆ ಬಳೆಯನ್ನು ಮಾತ್ರ ಮೌಲಾಲಿ ಬಿಟ್ಟುಕೊಟ್ಟಿರಲಿಲ್ಲ. ಒಂದೇ ಕುಂದೆಂದರೆ ಗಾತ್ರ. ಹುಕ್ಕಾದ ಚಿಲುಮೆಯ ಅಳತೆ ಬಿಟ್ಟು ಬೇರೆ ಅಳತೆ ಗೊತ್ತಿರದ ಮೌಲಾಲಿ ತಂಬಾಕು ತುಂಬುವ ಬಟ್ಟಲನ್ನು ಚಹಾದ ಕಪ್ಪಿನಷ್ಟು ದೊಡ್ಡದು ಮಾಡಿದ್ದ. ಬಾಯಲ್ಲಿಟ್ಟರೆ ತಲೆ ತಾನಾಗಿ ಮುಂದಕ್ಕೆ ಬಾಗುತ್ತಿತ್ತು.

"ಹಲ್ಲಿನಾಗ ಗಟ್ಟಿ ಹಿಡೀರಿ. ಸೇದೋ ಮುಂದ ಮಾತಾಡಬ್ಯಾಡ್ರಿ" ಎಂದು ಮೌಲಾಲಿ ತಾಕೀತು ಮಾಡಿದ. "ಮಾತಾಡಿದ್ರ ಬೆಂಕಿ ಆರ್ತದ. ಹೊಸಾ ಬಟ್ಟಲದಾಗ ಪದೇ ಪದೇ ಬೆಂಕಿ ಆರಿದ್ರ ಕಟಗಿ ಸಿಟ್ಟಿಗೇಳ್ತದ, ಸೀಳ್ತದ. ಆಮ್ಯಾಲ ನನ್ನ ಬಲ್ಲಿ ಬರಬ್ಯಾಡ್ರಿ."

ಸಾಯಬಣ್ಣ ಹೂಂ ಎಂದು ತಲೆಯಾಡಿಸಿದ.

ಮನೆಯಲ್ಲಿ ಶಿವಕಾಂತಮ್ಮ ಬಾಗಿಲಲ್ಲೇ ತಡೆದಳು. "ಇದೇನ್ರೀ, ಯಾರ ಮನಿ ತೊಟ್ಟಿಲ ಕಾಲು ಮುರಕೊಂಡು ಬಂದೀರಿ?"

ಸಾಯಬಣ್ಣ ಕಲ್ಲಿದ್ದಲಿನಿಂದ ಶುರುಮಾಡುವಷ್ಟರಲ್ಲಿ ಅವಳಿಗೆ ತಂಬಾಕಿನ ಪೊಟ್ಟಣ ಕಂಡಿತು. "ದೇವರ ಜಗಲಿ ಇರೋ ಮನ್ಯಾಗ ಹೊಗಿ ಬ್ಯಾಡ. ಹೊರಗ ಕಲ್ಲಿನ ಮ್ಯಾಲ ಕುಂತು ಬೇಕಾದ್ದು ಸುಡ್ರಿ" ಎಂದು ಹೇಳಿ ಒಳಗೆ ಹೋದಳು.

ಹೀಗಾಗಿ ಸಾಯಬಣ್ಣನ ಪೈಪು ಊರೆದುರಿಗೆ ಹೊತ್ತಿಕೊಂಡಿತು. ರೈಲ್ವೆ ಮನೆಯ ಮುಂದೆ ಶಹಾಬಾದಿ ಕಲ್ಲಿನ ಒಂದು ಚಪ್ಪಡಿ ಇತ್ತು. ಸಂಜೆ ಅದರ ಮೇಲೆ ಕುಳಿತು, ನಿಪ್ಪಾಣಿ ತಂಬಾಕನ್ನು ಅಂಗೈಯಲ್ಲಿ ತಿಕ್ಕಿ, ಬೆಲ್ಲದ ನೀರು ಚಿಮುಕಿಸಿ, ಒಂದು ಲವಂಗ ಪುಡಿಮಾಡಿ ಸೇರಿಸಿ, ಬಟ್ಟಲಲ್ಲಿ ಕೆಳಗೆ ಸಡಿಲವಾಗಿ ಮೇಲೆ ಬಿಗಿಯಾಗಿ ತುಂಬಿದ. ಮೊದಲ ದಿನ ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾದವು. ಎರಡನೆಯ ದಿನ ತಲೆ ತಿರುಗಿ ಕಲ್ಲಿನ ಮೇಲೇ ಮಲಗಿದ. ನಾಲ್ಕಾರು ದಿನ ಕಳೆದ ಮೇಲೆ ಒಂದು ಸಂಜೆ ಹೊಗೆ ನಾಲಿಗೆಯ ಮೇಲೆ ತಣ್ಣಗೆ, ಸಿಹಿಯಾಗಿ ಉರುಳಿತು. ಮರದ ಬಿಸುಪು ಅಂಗೈಗೆ ಇಳಿಯಿತು, ಮೊಲದ ಮರಿ ಹಿಡಿದಂತೆ. ದೂರದಲ್ಲಿ ಶಂಟಿಂಗ್ ಎಂಜಿನ್ನೂ ಹೊಗೆ ಬಿಡುತ್ತಿತ್ತು, ಸಾಯಬಣ್ಣನೂ ಬಿಡುತ್ತಿದ್ದ. ಇಬ್ಬರಿಗೂ ಯಾವ ಅವಸರವೂ ಇರಲಿಲ್ಲ. ಜೀವನದಲ್ಲಿ ಇಷ್ಟು ಹೊತ್ತು ಸುಮ್ಮನೆ ಕುಳಿತದ್ದು ಅವನಿಗೆ ಅದೇ ಮೊದಲು. ಬೆಂಕಿ ಆರಿದರೆ ಕಟ್ಟಿಗೆ ಸೀಳುತ್ತದಲ್ಲ, ಆ ಭಯ.

ಈ ಹೊತ್ತಿನಲ್ಲೇ ಪಕ್ಕದ ಮನೆಯ ಅಂಬುಬಾಯಿ ದೂರು ತಂದಳು. ಆಚೆ ಮನೆಯ ಅಮೀರ್ ಅಲಿ ಸ್ಟೇಷನ್ನಿನ ಪೊಲೀಸು ಜಮಾದಾರ. ಅವನ ಕೋಳಿಗಳು ಅವಳು ಒಣಹಾಕಿದ ಸಂಡಿಗೆಯನ್ನು ದಿನವೂ ಕೆದರುತ್ತಿದ್ದವು.

"ಸಾಯಬಣ್ಣಾವರ, ಕೋಳಿ ಇಟ್ಟವ್ರು ಕೋಳಿ ಮುಚ್ಚಬೇಕೋ ಬ್ಯಾಡೋ? ನೀವೇ ಹೇಳ್ರಿ."

ಬಟ್ಟಲಲ್ಲಿ ಕಿಡಿ ಸಾಯುತ್ತಿತ್ತು. ಸಾಯಬಣ್ಣ ಹಲ್ಲು ಬಿಡದೆ, ಬೆಂಕಿಯ ಮೇಲಿಂದ ಕಣ್ಣು ತೆಗೆಯದೆ, "ಹೂಂ" ಎಂದ.

ಅಂಬುಬಾಯಿ ಬೆರಗಾದಳು. ಯಾವತ್ತೂ ಅರ್ಧ ತಾಸು ಕೊರೆಯುವ ಮನುಷ್ಯ ಒಂದೇ ಮಾತಿನಲ್ಲಿ ನ್ಯಾಯ ಹೇಳಿದ್ದ! ಅವಳು ಹೋದ ಹಿಂದೆಯೇ ಅಮೀರ್ ಅಲಿ ಬಂದ.

"ಅರೇ ಭಾಯಿ, ಕೋಳಿಗೇನು ಕಾನೂನು ಗೊತ್ತದ? ಆಕಿ ಗ್ವಾಡಿ ಎತ್ತರಿಸಬೇಕು. ಬರೋಬರ್ ಅದನೋ ಇಲ್ಲೋ?"

"ಹೂಂ."

ಇಬ್ಬರೂ ತಾವೇ ಗೆದ್ದೆವೆಂದು ಮನೆಗೆ ಹೋದರು. ಗೆದ್ದವರ ಮನಸ್ಸು ದೊಡ್ಡದಾಗುತ್ತದೆ. ಪಾಪ, ಸೋತಿದ್ದಾಳೆ ಎಂದು ಅಮೀರ್ ಅಲಿ ಕೋಳಿಗಳನ್ನು ಪಂಜರಕ್ಕೆ ಹಾಕಿದ. ಪಾಪ, ಸೋತಿದ್ದಾನೆ ಎಂದು ಅಂಬುಬಾಯಿ ಗೋಡೆಯ ಮೇಲೆ ನಾಲ್ಕು ಕಲ್ಲು ಏರಿಸಿದಳು. ವರ್ಷಗಳ ಜಗಳ ಮುಗಿದುಹೋಯಿತು. ಸಾಯಬಣ್ಣನ ಕೀರ್ತಿ ಪ್ಲಾಟ್‌ಫಾರಂ ತನಕ ಹಬ್ಬಿತು.

ಅಂದಿನಿಂದ ಪೈಪು ಆಫೀಸಿಗೂ ಬಂತು. ಸ್ಟೇಷನ್ ಮಾಸ್ತರರು ಅವನ ಮುಂದೆ ತಗ್ಗಿದ ದನಿಯಲ್ಲಿ ಮಾತಾಡತೊಡಗಿದರು. ತಡವಾದ ಪೆಟ್ಟಿಗೆಯವರು ಒಂದು "ಹೂಂ" ಕೇಳಿ ಸಮಾಧಾನದಿಂದ ಹೋದರು. ಮನೆಯಲ್ಲಿ ಶಿವಕಾಂತಮ್ಮ, "ಏನ್ರೀ, ನಮ್ಮಣ್ಣಗ ಹೇಳಿ ಕುರಕುಂಟಾದಿಂದ ಒಂದು ಎಮ್ಮಿ ತರಸ್ಲೇನು?" ಎಂದು ಕೇಳಿದಳು. ವರ್ಷಗಳಿಂದ ಇದೇ ಪ್ರಶ್ನೆಗೆ ಅವನು ರೈಲ್ವೆ ಕಾಯಿದೆಯನ್ನೆಲ್ಲ ಓದಿ ಹೇಳುತ್ತಿದ್ದ. ಈ ಸಲ "ಹೂಂ" ಎಂದ. ಒಂದು ವಾರದಲ್ಲಿ ರೈಲ್ವೆ ಮನೆಯ ಮುಂದೆ ಎಮ್ಮೆಯೊಂದು ಬಂದು ನಿಂತಿತು. ಯಾರು ಕಟ್ಟಿದರೆಂದು ಸಾಯಬಣ್ಣನೇ ಸಿಟ್ಟಿನಿಂದ ವಿಚಾರಿಸಿದ. ಶಿವಕಾಂತಮ್ಮ ಅವನನ್ನೇ ನೋಡಿದಳು. ಅವನು ಎಮ್ಮೆಗೆ ಹುಲ್ಲು ತರಲು ಹೋದ.

ಅಷ್ಟಕ್ಕೇ ಎಚ್ಚೆತ್ತುಕೊಳ್ಳಬಹುದಿತ್ತು. ಆದರೆ ತಂಬಾಕಿನ ರುಚಿ ಆಗಷ್ಟೇ ಹತ್ತಿತ್ತು.

ಸಾಯಬಣ್ಣನಿಗೆ ಒಬ್ಬಳೇ ಮಗಳು, ಮಹಾದೇವಮ್ಮ. ಎಲ್ಲರಿಗೂ ಮಾದೇವಿ. ದಿನವೂ ರೈಲಿನಲ್ಲಿ ಶಹಾಬಾದಿನ ಶಾಲೆಗೆ ಹೋಗಿ ಬರುತ್ತಿದ್ದಳು. ಮಿಡಲ್ ಪರೀಕ್ಷೆ ಹತ್ತಿರ ಬಂದಿತ್ತು. ಆಡಕಿಯ ರೈತ ಅಮೃತಪ್ಪ ಮಾವಿನಕಾಯಿಯ ಬುಟ್ಟಿ ಕಳಿಸಲು ಪಾರ್ಸೆಲ್ ಆಫೀಸಿಗೆ ಬಂದಾಗ ಮಾತು ತೆಗೆದ.

"ಸಾಯಬಣ್ಣಾವರ, ನಿಮ್ಮ ಮಗಳನ್ನ ನೋಡೀನಿ. ಬಂಗಾರದಂಥಾ ಹುಡುಗಿ. ನಮ್ಮ ಹಿರ್ಯಾಂವಗ ಕೊಡ್ರಲ್ಲ. ಎರಡು ಬಾವಿ ಅವ, ತೊಗರಿ ಹೊಲ ಅದ. ಏನಂತೀರಿ?"

ಸಾಯಬಣ್ಣ ಆಗ ತಾನೇ ಹೊಸ ತಂಬಾಕು ತುಂಬಿ ಕಡ್ಡಿ ಗೀರಿದ್ದ. ಬುಟ್ಟಿಯ ತೂಕ ಸರಿಯಿದೆಯೇ ಎಂದು ಕೇಳುತ್ತಿದ್ದಾನೆಂದು ಭಾವಿಸಿ "ಹೂಂ" ಎಂದ.

ಕೆಲ ದಿನಗಳಲ್ಲಿ ಸೇಡಮ್ಮಿನ ಬಟ್ಟೆ ಅಂಗಡಿಯ ರೇವಣಸಿದ್ದಪ್ಪ ಸೊಲ್ಲಾಪುರದ ಗಂಟು ಬಿಡಿಸಿಕೊಳ್ಳಲು ಬಂದ. ಅವನಿಗೂ ಒಬ್ಬ ಮಗನಿದ್ದ. ರೇವಣಸಿದ್ದಪ್ಪನೂ ಮಾದೇವಿಯನ್ನು ರೈಲಿನಲ್ಲಿ ನೋಡಿದ್ದ, ಮಗನಿಗೆ ಕೇಳಿದ. ಅವನಿಗೂ ಸಿಕ್ಕಿದ್ದು "ಹೂಂ".

ಮತ್ತೆ ಒಂದು ಸಂಜೆ ಮಾದೇವಿ ಪುಸ್ತಕ ಹಿಡಿದು ಕಲ್ಲಿನ ಬಳಿ ಬಂದಳು. "ಅಪ್ಪಾ, ಅವ್ವ ಲಗ್ನದ ಮಾತು ಆಡಾಕತ್ಯಾಳ. ನನ್ನ ಪರೀಕ್ಷಾ ಮುಗಿಯೋತನಕ ಆ ಮಾತು ಬ್ಯಾಡ. ಪಾಸಾದ್ರ ನಾ ಶಾಲ್ಯಾಗ ಕಲಸೋ ಬಾಯಾರು ಆಗಬೇಕಂತ ಮಾಡೀನಿ. ನೀ ಒಪ್ಪಿದ್ಯೋ?"

"ಹೂಂ" ಎಂದ ಸಾಯಬಣ್ಣ, ಹೊಗೆಯ ಉಂಗುರವೊಂದು ಬೇವಿನ ಕೊಂಬೆಯವರೆಗೆ ಹೋಗುವುದನ್ನು ನೋಡುತ್ತ. ಮಾದೇವಿ ಅವನ ಕಾಲು ಮುಟ್ಟಿ ಓಡಿಹೋದಳು. ಇದೇಕೆ ಕಾಲು ಮುಟ್ಟಿದಳೆಂದು ಅವನಿಗೆ ತುಸು ಆಶ್ಚರ್ಯವಾಯಿತು.

ಸುದ್ದಿ ತಂದವನು ಸೇಡಂ ಕಡೆಯ ರೈಲಿನ ಗಾರ್ಡು ಫಕೀರಸಾಬ. "ಸಾಯಬಣ್ಣ, ಮುಬಾರಕ್! ಆಡಕಿಯವ್ರು ಸೋಮವಾರ ನಿಮ್ಮ ಮನಿಗಿ ನಿಶ್ಚಯದ ಸೀರಿ ತರ್ತಾರಂತಲ್ಲ. ಸೇಡಂ ರೇವಣಸಿದ್ದಪ್ಪನೂ ಸೋಮವಾರಕ್ಕೇ ಸೀರಿ ತರ್ತಾನಂತ. ನಿಂಗ ಇಬ್ಬರು ಹೆಣ್ಣುಮಕ್ಕಳಂತ ನಂಗ ಗೊತ್ತೇ ಇರಲಿಲ್ಲ."

ಸಾಯಬಣ್ಣನ ಬಾಯಿಂದ ಪೈಪು ಜಾರಿತು. ಮೇಜಿನ ಮೇಲೆ ಕಿಡಿ ಚೆಲ್ಲಿತು. ಅದನ್ನು ತಟ್ಟುತ್ತ ತಟ್ಟುತ್ತ ಅವನಿಗೆ ಮಾವಿನ ಬುಟ್ಟಿಯೂ ಬಟ್ಟೆಯ ಗಂಟೂ ನೆನಪಾದವು. ಹೆಣ್ಣಿನ ವಿಷಯದಲ್ಲಿ ಕೊಟ್ಟ ಮಾತು! ಒಬ್ಬರಿಗೆ ತಪ್ಪಿದರೂ ಸೇಡಂ ತಾಲೂಕಿನಲ್ಲಿ ತಲೆ ಎತ್ತಿ ಓಡಾಡುವ ಹಾಗಿಲ್ಲ. ನಾಳೆ ಮಾದೇವಿಯನ್ನು ಕೇಳಲು ಯಾರೂ ಮನೆ ಮೆಟ್ಟಿಲು ಹತ್ತುವುದಿಲ್ಲ.

ಅವನು ಅಮೀರ್ ಅಲಿಯ ಹತ್ತಿರ ಓಡಿದ. ಜಮಾದಾರ ಮೀಸೆ ತಿರುವಿ ಬಹಳ ಹೊತ್ತು ಯೋಚಿಸಿದ.

"ಒಂದು ಉಪಾಯ ಅದ. ಒಬ್ಬರನ್ನ ಅರೆಸ್ಟ್ ಮಾಡ್ತೀನಿ."

"ಯಾವ ಗುನ್ನೆಕ್ಕ?"

"ಅದನ್ನ ಆಮ್ಯಾಲ ನೋಡೋಣ. ಯಾರನ್ನ ಅಂತ ಮೊದಲು ಹೇಳು."

ಸಾಯಬಣ್ಣ ಕೈಮುಗಿದು ಹೊರಟ. ಬರಬೇಡಿರೆಂದು ಆಡಕಿಗೆ ಹೇಳಿಕಳಿಸೋಣವೆಂದರೆ ಅದು ಮೊದಲ ಅವಮಾನ, ಸೇಡಮ್ಮಿಗೆ ಹೇಳಿಕಳಿಸೋಣವೆಂದರೆ ಎರಡನೆಯದು. ಯಾವುದು ಮೊದಲಾಗಬೇಕೆಂದು ಅವನು ಯೋಚಿಸುತ್ತಿರುವಾಗಲೇ ಸೋಮವಾರ ಬಂದುಬಿಟ್ಟಿತು.

ಬೆಳಗಿನ ರೈಲಿಗೆ ಅಮೃತಪ್ಪ ತನ್ನ ತಮ್ಮನನ್ನೂ ಇಬ್ಬರು ಹಿರಿಯರನ್ನೂ ಕರೆದುಕೊಂಡು ಬಂದ. ಶಿವಕಾಂತಮ್ಮ ಕಂಬಳಿ ಹಾಸಿ ಕೂಡಿಸಿದಳು. ಆಡಕಿಯವರು ಮೊದಲೇ ಹೇಳಿಕಳಿಸಿದ್ದರಿಂದ ಅವಳಿಗೆ ಗೊತ್ತಿದ್ದದ್ದು ಆ ಸಂಬಂಧವೊಂದೇ. ಮುಂದಿನ ಗಾಡಿಗೆ ರೇವಣಸಿದ್ದಪ್ಪನ ಕಡೆಯವರು ಬಂದಾಗ, ಇವರೂ ಆಡಕಿಯವರ ಬಳಗವೆಂದು ತಿಳಿದು ಎದುರಿನ ಕಂಬಳಿಯ ಮೇಲೆ ಕೂಡಿಸಿ ಹಾಲು ಕೊಟ್ಟಳು. ಎಮ್ಮೆಯ ಹಾಲು ಎಲ್ಲರಿಗೂ ಸಾಕಾಯಿತು. ಸಾಯಬಣ್ಣ ನಡುವೆ ಕಂಬಕ್ಕೆ ಆತು ಕುಳಿತಿದ್ದ. ಭಯದಿಂದ ಬಾಯಿ ನಡುಗುವುದು ಕಾಣಬಾರದೆಂದು, ಮನೆಯೊಳಗೆ ಹೊಗೆ ಬೇಡವೆಂಬ ಕಟ್ಟಳೆಯನ್ನೂ ಮರೆತು ಪೈಪು ಕಚ್ಚಿಕೊಂಡಿದ್ದ.

"ಶರಣ್ರಿ" ಎಂದ ಅಮೃತಪ್ಪ ಎದುರಿನವರಿಗೆ. "ನೀವು ಹುಡುಗಿ ಕಡಿಯವ್ರೇನು?"

"ಇನ್ನ ಮ್ಯಾಲ ಹಂಗೇ ತಿಳ್ಕೋರಿ" ಎಂದ ರೇವಣಸಿದ್ದಪ್ಪ ನಗುತ್ತ. "ನೀವು ಅವರ ಸೋದರಮಾವನ ಕಡಿಯವ್ರೇನು?"

"ಅದಕಿಂತ ಹತ್ತರದವ್ರು ಆಗ್ತೀವಿ, ಸ್ವಲ್ಪ ತಡೀರಿ."

ಇಬ್ಬರೂ ಬಾಯ್ತುಂಬ ನಕ್ಕರು. ಹುಡುಗಿಯ ಗುಣ, ಹುಡುಗಿಯ ಓದು, ಹುಡುಗಿಯ ತಂದೆಯ ಗಾಂಭೀರ್ಯ ಎಲ್ಲವನ್ನೂ ಹೊಗಳಿಕೊಂಡರು. "ಏನು ತೂಕದ ಮನುಷ್ಯಾ ಅಂತೀರಿ! ಒಂದು ಮಾತು ಹೆಚ್ಚಿಗಿ ಆಡೂದಿಲ್ಲ" ಎಂದ ರೇವಣಸಿದ್ದಪ್ಪ. "ಆಡಿದ್ರ ಕಲ್ಲಿನ ಮ್ಯಾಲ ಬರದಂಗ" ಎಂದ ಅಮೃತಪ್ಪ. ಬಾಗಿಲಲ್ಲಿ ಅಮೀರ್ ಅಲಿ ಪೂರಾ ಯೂನಿಫಾರ್ಮಿನಲ್ಲಿ ನಿಂತಿದ್ದ, ಗೋಡೆಯ ಮೇಲಿಂದ ಅಂಬುಬಾಯಿಯ ತಲೆ ಕಾಣುತ್ತಿತ್ತು.

ಅಮೃತಪ್ಪ ತಟ್ಟೆಯಲ್ಲಿ ಹಸಿರು ಸೀರೆ ಇಟ್ಟ. ಅದೇ ಕ್ಷಣಕ್ಕೆ ರೇವಣಸಿದ್ದಪ್ಪನೂ ತಟ್ಟೆಯಲ್ಲಿ ಹಸಿರು ಸೀರೆ ಇಟ್ಟ. ಇಬ್ಬರೂ ಒಬ್ಬರ ತಟ್ಟೆ ಒಬ್ಬರು ನೋಡಿದರು.

"ಇದು ಯಾರಿಗ್ರಿ?"

"ನನ್ನ ಸೊಸಿಗಿ. ಅದು ಯಾರಿಗಿ?"

"ನನ್ನ ಸೊಸಿಗಿ!"

ಮುಂದಿನದನ್ನು ವಿವರಿಸುವುದು ಕಷ್ಟ. ಎಲ್ಲರೂ ಒಟ್ಟಿಗೆ ಎದ್ದರು. ಯಾರದೋ ರುಮಾಲು ಹಾಲಿನ ಪಾತ್ರೆಯಲ್ಲಿ ಬಿತ್ತು. ಹೊರಗೆ ಎಮ್ಮೆ ಕಣ್ಣಿ ಕಿತ್ತುಕೊಂಡು ಅಂಬುಬಾಯಿಯ ಅಂಗಳಕ್ಕೆ ನುಗ್ಗಿತು. "ನಂಗ ಹೂಂ ಅಂದಾರ!" ಎಂದು ಅಮೃತಪ್ಪ ಕೂಗಿದ. "ನಂಗ ಹೂಂ ಅಂದಾರ!" ಎಂದು ರೇವಣಸಿದ್ದಪ್ಪ ಕೂಗಿದ. ಕೊನೆಗೆ ಇಬ್ಬರೂ ಸಾಯಬಣ್ಣನ ಮುಂದೆ ಕುಕ್ಕರಗಾಲಲ್ಲಿ ಕುಳಿತರು.

"ಸಾಯಬಣ್ಣಾವರ, ಖರೇ ಹೇಳ್ರಿ. ನಂಗ ಹೂಂ ಅಂದ್ರೋ ಇಲ್ಲೋ?"

ರೂಢಿ ಎಂಬುದು ಕೆಟ್ಟದ್ದು. ಸಾಯಬಣ್ಣ "ಹೂಂ" ಎಂದ.

"ಕೇಳಿದ್ರ್ಯಾ!" ಎಂದು ಇಬ್ಬರೂ ಒಂದೇ ದನಿಯಲ್ಲಿ ಹಿರಿಯರ ಕಡೆ ತಿರುಗಿದರು.

ಆಗ ಒಳಗಿನಿಂದ ಮಾದೇವಿ ಹೊರಗೆ ಬಂದಳು. ತಲೆಯ ಮೇಲೆ ಸೆರಗಿತ್ತು, ದನಿ ಮಾತ್ರ ನಡುಗುತ್ತಿರಲಿಲ್ಲ. "ಅಪ್ಪ ನಂಗೂ ಹೂಂ ಅಂದಾನ್ರಿ. ಪರೀಕ್ಷಾ ಮುಗಿಯೋತನಕ ಲಗ್ನ ಇಲ್ಲಂತ ಮಾತು ಕೊಟ್ಟಾನ." ಆಮೇಲೆ ಅಪ್ಪನ ಕಡೆ ತಿರುಗಿದಳು. ಈಗ ಮಾತ್ರ ಕಣ್ಣು ತುಂಬಿದವು. "ಕೊಟ್ಟಿಲ್ಲೇನಪ್ಪಾ?"

ಸಾಯಬಣ್ಣ ಪೈಪನ್ನು ಬಾಯಿಂದ ತೆಗೆದ. ಉರಿಯುತ್ತಿದ್ದುದನ್ನು ಹಾಗೇ ನೆಲದ ಮೇಲಿಟ್ಟ. ತಿಂಗಳುಗಟ್ಟಲೆ ಕಟ್ಟಿಟ್ಟ ಮಾತು ಒಮ್ಮೆಲೇ ಒಡೆದು ಬಂತು. ಬೆಂಚಿನ ಮೇಲಿನ ದೊರೆ, ರಾಯಚೂರಿಗೆ ಹೋದ ಟ್ರಂಕು, ಚಿಂಚೋಳಿಯ ಮೋಟಾರು, ಕಮಲದ ಎಸಳು, ಗಿಳಿ, ಸಿಟ್ಟಿಗೇಳುವ ಕಟ್ಟಿಗೆ, ಯಾವುದನ್ನೂ ಬಿಡಲಿಲ್ಲ. ಎಂದೂ ಅವನ ಮಾತು ಪೂರ್ತಿ ಕೇಳದ ಶಿವಕಾಂತಮ್ಮ ಬಾಗಿಲು ಹಿಡಿದು ಕೇಳಿದಳು.

ಅಮೃತಪ್ಪನ ಬಾಯಿ ತೆರೆದಿತ್ತು. "ಅಂದ್ರ, ನಾ ನನ್ನ ಮಗನ ಮಾತು ಹೇಳಾಕತ್ತಾಗ ನೀವು ಕೇಳೇ ಇಲ್ಲ?"

"ಇಲ್ರಿ. ಬೆಂಕಿ ಆರಾಕತ್ತಿತ್ತು."

"ನನ್ನ ಮಾತೂ?" ಎಂದ ರೇವಣಸಿದ್ದಪ್ಪ.

"ನಿಮ್ಮದು ಗಂಟಿನ ಮಾತಂತ ತಿಳದಿದ್ದೆ. ಇಬ್ಬರ ಕಾಲೂ ಹಿಡೀತೀನಿ, ನನ್ನ ಬೈರಿ, ಏನರೆ ಅನ್ರಿ. ನನ್ನ ಮಗಳಿಗಿ ಹೂಂ ಅಂದದ್ದೂ ಕೇಳದೇ ಅಂದದ್ದೇ. ಆದ್ರ ಈಗ ಕೇಳಿಸ್ಯಾದ. ಬಾಯಾಗ ಏನೂ ಇಲ್ಲ ನೋಡ್ರಿ, ಈಗ ಹೇಳ್ತೀನಿ. ಆಕಿಗಿ ಮಾತ್ರ ಹೂಂ."

ಬೀಗರಾಗಬೇಕಾದ ಇಬ್ಬರೂ ತಮ್ಮ ತಮ್ಮ ಸೀರೆ ಎತ್ತಿಕೊಂಡರು, ತಂದಿದ್ದ ಉಂಡೆಯ ಬುಟ್ಟಿ ಎತ್ತಿಕೊಂಡರು, ಹಾಲಿನಲ್ಲಿ ನೆನೆದ ರುಮಾಲು ಹಿಂಡಿಕೊಂಡರು. ಹಿಂತಿರುಗಿ ನೋಡದೆ ಹೊರಟರು.

ಕಷ್ಟವೆಂದರೆ ವಾಡಿಯಲ್ಲಿ ಸಿಟ್ಟಿನಿಂದ ಹೊರಟವರೂ ರೈಲಿಗೆ ಕಾಯಬೇಕು. ಮಧ್ಯಾಹ್ನ ಸಾಯಬಣ್ಣನ ಡ್ಯೂಟಿ. ಪ್ಲಾಟ್‌ಫಾರಮ್ಮಿಗೆ ಹೋದರೆ ಅದೇ ಬೆಂಚಿನ ಒಂದು ತುದಿಗೆ ಅಮೃತಪ್ಪ, ಇನ್ನೊಂದು ತುದಿಗೆ ರೇವಣಸಿದ್ದಪ್ಪ. ನಡುವೆ ಶಾಂತಿ ಕಾಯುತ್ತ ಅಮೀರ್ ಅಲಿ. ಸಾಯಬಣ್ಣ ಬಗ್ಗಿ ಪಾರ್ಸೆಲ್ ಆಫೀಸು ಹೊಕ್ಕು ಹತ್ತಿಯ ಗಂಟುಗಳ ಹಿಂದೆ ಕುಳಿತ. ರೈಲು ಶಿಳ್ಳೆ ಹಾಕಿ ಹೊರಟು, ಅದರ ಸದ್ದು ಚಿತ್ತಾಪುರದ ಕಡೆ ಕರಗುವ ತನಕ ಅಲ್ಲಿಂದ ಏಳಲಿಲ್ಲ. ಪೈಪನ್ನು ಮನೆಯ ಗೋಡೆಯ ಮಾಡದಲ್ಲಿ ಬಟ್ಟೆ ಸುತ್ತಿ ಇಟ್ಟುಬಿಟ್ಟ. ಮೌಲಾಲಿಯ ಕೆಂಪು ಬಳೆ ಬಟ್ಟೆಯೊಳಗಿಂದ ಇಣುಕುತ್ತಿತ್ತು. ಅದನ್ನೂ ನೋಡಲಾರದೆ ಮುಖ ತಿರುಗಿಸಿದ.

ಮರುದಿನ ಗಾರ್ಡು ಫಕೀರಸಾಬ ಗಾಡಿಯಿಂದ ಇಳಿಯುತ್ತಲೇ ಹೊಟ್ಟೆ ಹಿಡಿದುಕೊಂಡು ನಕ್ಕ.

"ಸಾಯಬಣ್ಣ, ನಿನ್ನ ಬೀಗರು ಇಬ್ಬರೂ ಒಂದೇ ಡಬ್ಬ್ಯಾಗ ಹತ್ತಿದ್ರು. ವಾಡಿ ಬಿಟ್ಟಾಗ ಇಬ್ಬರೂ ಬ್ಯಾರೆ ಬ್ಯಾರೆ ನಿನ್ನ ಬೈಲಿಕತ್ತಿದ್ರು. ಚಿತ್ತಾಪುರ ಬರೂದ್ರಾಗ ಕೂಡಿ ಬೈಲಿಕತ್ತಿದ್ರು. ಮಳಖೇಡ ರೋಡಿನಾಗ ಒಬ್ಬರ ಬುಟ್ಟಿ ಒಬ್ಬರು ಬಿಚ್ಚಿ ಉಂಡಿ ತಿಂದ್ರು. ಹೊಲ ಎಷ್ಟು, ಅಂಗಡಿ ಹೆಂಗ ನಡದದ, ಮಕ್ಕಳೆಷ್ಟು ಅಂತ ಮಾತಾಯ್ತು. ಅಮೃತಪ್ಪಗ ಒಬ್ಬಾಕಿ ಮಗಳದಾಳಂತ. ಸೇಡಮ್ಮಿನಾಗ ಇಳಿಯೋ ಮುಂದ ಒಬ್ಬರ ಹೆಗಲ ಮ್ಯಾಲ ಒಬ್ಬರು ಕೈ ಹಾಕಿದ್ರು. ಹಸರು ಸೀರಿ ಆ ಹುಡುಗಿಗಿ ಕೊಡ್ತಾರಂತ!"

ಸಾಯಬಣ್ಣ ನಂಬಲಿಲ್ಲ. ವಾರ ಕಳೆದು ಅಮೃತಪ್ಪನೇ ಪಾರ್ಸೆಲ್ ಆಫೀಸಿನ ಬಾಗಿಲಲ್ಲಿ ಕಂಡಾಗ ಮತ್ತೆ ಗಂಟುಗಳ ಹಿಂದೆ ಓಡಿದ.

"ಹೊರಗ ಬರ್ರಿ ಮಾರಾಯ್ರ!" ಎಂದು ಅಮೃತಪ್ಪ ಕೂಗಿದ. "ಮಗಳ ಲಗ್ನ ಅದ, ಸೇಡಂ ರೇವಣಸಿದ್ದಪ್ಪನ ಮಗಗ ಕೊಟ್ಟೀನಿ. ಹೆಂಥಾ ಮನಿ ಅಂತೀರಿ! ನೀವು ಆವತ್ತು ಹಂಗ ಮಾಡದಿದ್ರ ನಾವಿಬ್ಬರೂ ಯಾವಾಗ ಕೂಡ್ತಿದ್ವಿ? ಹಿರ್ಯಾಂವಗ ಇನ್ನೊಂದು ಕಡಿ ನೋಡಾಕತ್ತೀನಿ. ಮಂದಿನ್ನೆಲ್ಲಾ ಕರಕೊಂಡು ನೀವು ಬರಬೇಕು." ಬಾಗಿಲು ದಾಟುವಾಗ ತಿರುಗಿ, "ಆದ್ರ ಅದನ್ನ ಬಾಯಾಗ ಇಟಗೊಂಡು ಬರಬ್ಯಾಡ್ರಿ" ಎಂದ.

ಸಾಯಬಣ್ಣನ ಎದೆಯ ಮೇಲಿಂದ ಹತ್ತಿಯ ಗಂಟು ಇಳಿಸಿದ ಹಾಗಾಯಿತು. ಅವನು ಅಲ್ಲೇ ನೆಲದ ಮೇಲೆ ಕುಳಿತು ಒಬ್ಬನೇ ನಕ್ಕ. ಸ್ಟೇಷನ್ ಮಾಸ್ತರರು ಇಣುಕಿ ನೋಡಿ, ಏನೆಂದು ಕೇಳಿದರೆ ಪೂರಾ ಕಥೆ ಕೇಳಬೇಕಾದೀತೆಂದು ಸದ್ದಿಲ್ಲದೆ ಹೋದರು.

ಮಾದೇವಿ ಪರೀಕ್ಷೆಗೆ ಕುಳಿತಳು, ಪಾಸಾದಳು. ಆ ಸುದ್ದಿ ಬಂದ ಸಂಜೆ ಶಿವಕಾಂತಮ್ಮ ತಾನೇ ಮಾಡದಿಂದ ಬಟ್ಟೆಯ ಗಂಟು ತಂದು ಕಲ್ಲಿನ ಮೇಲೆ ಗಂಡನ ಪಕ್ಕದಲ್ಲಿಟ್ಟಳು. "ಸೇದ್ರಿ. ಬ್ಯಾಡ ಅಂದವ್ರು ಯಾರು?"

ಸಾಯಬಣ್ಣ ಪೈಪನ್ನು ಒರೆಸಿದ. ಅವಸರವಿಲ್ಲದೆ ತಂಬಾಕು ತಿಕ್ಕಿದ, ತುಂಬಿದ, ಕಡ್ಡಿ ಗೀರಿದ. ಮೊದಲ ಹೊಗೆ ಬೇವಿನ ಎಲೆಗಳ ನಡುವೆ ಮೆಲ್ಲಗೆ ಹೋಯಿತು. ಎಮ್ಮೆ ಮೆಲುಕು ಹಾಕುತ್ತಿತ್ತು. ಕಟ್ಟಿಗೆ ಸೀಳಿರಲಿಲ್ಲ. ಇಷ್ಟು ದಿನ ಬಟ್ಟೆಯೊಳಗಿದ್ದೂ ಅದಕ್ಕೆ ಸಿಟ್ಟೇನೂ ಬಂದಂತಿರಲಿಲ್ಲ, ಬೆಚ್ಚಗಾಗಿ ಅಂಗೈಯಲ್ಲಿ ಕುಳಿತಿತ್ತು.

ಶಿವಕಾಂತಮ್ಮ ಪಕ್ಕದಲ್ಲಿ ಕುಳಿತು, "ಏನ್ರೀ..." ಎಂದಳು.

ಸಾಯಬಣ್ಣ ತಟ್ಟನೆ ಪೈಪನ್ನು ಬಾಯಿಂದ ತೆಗೆದ. ಕಲ್ಲಿನ ಮೇಲಿಟ್ಟ. ಪೂರ್ತಿ ಅವಳ ಕಡೆ ತಿರುಗಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, "ಹೇಳು" ಎಂದ.

ಮದುವೆಯಾದ ಇಷ್ಟು ವರ್ಷಗಳಲ್ಲಿ ಅವನು ಹೀಗೆ ತಿರುಗಿ ಕುಳಿತು ಕೇಳಿದ್ದು ಅವಳಿಗೆ ನೆನಪಿರಲಿಲ್ಲ. ಅವಳು ಅವನ ಮುಖ ನೋಡಿದಳು, ಏನೋ ಹೇಳಲು ಹೋದಳು, ನಗು ಬಂತು.

"ಏನೋ ಹೇಳಬೇಕಂತ ಇತ್ತು, ಮರತೇಹೋಯ್ತು ನೋಡ್ರಿ" ಎಂದಳು. "ಸೇದ್ರಿ, ಸೇದ್ರಿ. ಬೆಂಕಿ ಆರೀತು."